'ಪಿಕ್ ಅಪ್' ಎಂಬ ಕ್ರಿಯಾಪದದ ಅರ್ಥಗಳನ್ನು ಬಿಡಿಸಿಕೊಳ್ಳುವ ಬಗೆ

ಇಂಗ್ಲಿಷಿನ 'ಪಿಕ್ ಅಪ್' ಅನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕಲಿಯುವುದು 'ಎತ್ತು' ಎಂಬ ಒಂದೇ ಅರ್ಥದಲ್ಲಿ. ಆಮೇಲೆ ವ್ಯಾಪಾರದ ಸುದ್ದಿಯಲ್ಲಿ 'ಸೇಲ್ಸ್ ಹ್ಯಾವ್ ಪಿಕ್ಟ್ ಅಪ್' ಎಂದು ಓದುತ್ತಾರೆ. ಕ್ರಿಕೆಟ್ ಕಾಮೆಂಟರಿಯಲ್ಲಿ 'ಶಿ ಪಿಕ್ಟ್ ಅಪ್ ತ್ರೀ ವಿಕೆಟ್ಸ್' ಎಂದು ಕೇಳುತ್ತಾರೆ. ವೈದ್ಯರ ವರದಿಯಲ್ಲಿ 'ದ ಸ್ಕ್ಯಾನ್ ಪಿಕ್ಟ್ ಅಪ್ ಎ ಸ್ಮಾಲ್ ಸಿಸ್ಟ್' ಎಂದಿರುತ್ತದೆ. ಈ ಮೂರರಲ್ಲೂ ಯಾರೂ ಏನನ್ನೂ ಎತ್ತುತ್ತಿಲ್ಲ. ನಿಘಂಟು ತೆರೆದರೆ ಅರ್ಥಗಳ ಉದ್ದನೆಯ ಪಟ್ಟಿ ಸಿಗುತ್ತದೆ, ಅದನ್ನು ಬಾಯಿಪಾಠ ಮಾಡಲು ಹೊರಟವರು ಅರ್ಧದಾರಿಯಲ್ಲೇ ಸೋಲುತ್ತಾರೆ. ಪಟ್ಟಿಯ ಅಗತ್ಯವೇ ಇಲ್ಲ. 'ಪಿಕ್ ಅಪ್'ನ ಅರ್ಥವನ್ನು ಗೊತ್ತುಮಾಡುವುದು ಅದರ ಅಕ್ಕಪಕ್ಕದ ಪದಗಳು. ಯಾವ ಪದವನ್ನು ಯಾವ ಕ್ರಮದಲ್ಲಿ ನೋಡಬೇಕು ಎಂದು ತಿಳಿದರೆ ಹೊಸ ವಾಕ್ಯವೂ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲ ಪ್ರಶ್ನೆ: ಕರ್ಮಪದ ಇದೆಯೇ?

ವಾಕ್ಯ ಸಿಕ್ಕ ಕೂಡಲೇ 'ಏನನ್ನು?' ಅಥವಾ 'ಯಾರನ್ನು?' ಎಂದು ಕೇಳಿ. ಉತ್ತರ ವಾಕ್ಯದಲ್ಲೇ ಸಿಕ್ಕರೆ ಅದು ಸಕರ್ಮಕ, ಸಿಗದಿದ್ದರೆ ಅಕರ್ಮಕ. ಅಕರ್ಮಕವಾದಾಗ ಆಯ್ಕೆಗಳು ಕಡಿಮೆ. ದಿನಬಳಕೆಯಲ್ಲಿ ಮೂರೇ ಅರ್ಥಗಳು ಉಳಿಯುತ್ತವೆ, ಅವುಗಳಲ್ಲಿ ಯಾವುದು ಎಂಬುದನ್ನು ಕರ್ತೃಪದ ಹೇಳುತ್ತದೆ.

ಕರ್ತೃ ಒಬ್ಬ ವ್ಯಕ್ತಿ, ಸಂದರ್ಭ ಫೋನಿನದು: 'ಶಿ ಈಸ್ ನಾಟ್ ಪಿಕಿಂಗ್ ಅಪ್' ಎಂದರೆ ಫೋನ್ ಎತ್ತುತ್ತಿಲ್ಲ. ಕರ್ತೃ ವ್ಯಾಪಾರ, ಗಾಳಿ, ಆಟದ ರಂಗು, ರೋಗಿಯ ಹಸಿವು ಹೀಗೆ ಏರಿಳಿಯಬಲ್ಲ ಸಂಗತಿ: 'ಬಿಸಿನೆಸ್ ಈಸ್ ಪಿಕಿಂಗ್ ಅಪ್', ವ್ಯಾಪಾರ ಚೇತರಿಸಿಕೊಳ್ಳುತ್ತಿದೆ. ಮೂರನೆಯದರಲ್ಲಿ 'ಪಿಕ್ ಅಪ್' ಆದಮೇಲೆ 'ವೇರ್', 'ಹಿಯರ್', 'ಫ್ರಮ್' ಬರುತ್ತವೆ: 'ವಿ ವಿಲ್ ಪಿಕ್ ಅಪ್ ಹಿಯರ್ ಟುಮಾರೊ', ನಾಳೆ ಇಲ್ಲಿಂದಲೇ ಮುಂದುವರಿಸೋಣ. 'ಪಿಕ್ ಅಪ್ ವೇರ್ ವಿ ಲೆಫ್ಟ್ ಆಫ್' ಎನ್ನುವುದು ಇದರ ಸಿದ್ಧ ರೂಪ. ಇಡಿಯಾಗಿ ನೆನಪಿಟ್ಟುಕೊಳ್ಳಿ, ಅದನ್ನು ಒಡೆಯಲು ಬರುವುದಿಲ್ಲ.

ಚೇತರಿಕೆಯ ಅರ್ಥದಲ್ಲಿ ಒಂದು ತಪ್ಪು ಪದೇಪದೇ ಕಾಣುತ್ತದೆ. 'ವ್ಯಾಪಾರ ಚೇತರಿಸಿತು' ಎನ್ನಲು 'ದ ಬಿಸಿನೆಸ್ ವಾಸ್ ಪಿಕ್ಟ್ ಅಪ್' ಎಂದು ಬರೆಯುತ್ತಾರೆ. ಇದು ಕರ್ಮಣಿ ಪ್ರಯೋಗ, ಆ ಉದ್ದಿಮೆಯನ್ನು ಬೇರೆ ಯಾರೋ ಕೊಂಡುಕೊಂಡರು ಎಂಬ ಅರ್ಥ ಕೊಡುತ್ತದೆ. ಚೇತರಿಕೆಗೆ 'ವಾಸ್' ಬೇಡ, 'ಬಿಸಿನೆಸ್ ಪಿಕ್ಟ್ ಅಪ್' ಅಷ್ಟೇ ಸಾಕು. ಇನ್ನೊಂದು ಸೂಕ್ಷ್ಮವೂ ಇದೆ. ಈ ಅರ್ಥ ಸಾಮಾನ್ಯವಾಗಿ ಕುಸಿದಿದ್ದು ಅಥವಾ ನಿಧಾನವಾಗಿದ್ದು ಮೇಲೇಳುವುದನ್ನು ಸೂಚಿಸುತ್ತದೆ. ಮೊದಲಿನಿಂದಲೂ ಜೋರಾಗಿ ನಡೆಯುತ್ತಿರುವ ವ್ಯಾಪಾರ ಇನ್ನಷ್ಟು ಬೆಳೆದರೆ 'ಗ್ರೋ' ಸರಿಯಾದ ಪದ. ಗಾಳಿಯ ವಿಷಯದಲ್ಲಿ ಮಾತ್ರ ಒಳಿತು ಕೆಡುಕಿನ ಛಾಯೆ ಇಲ್ಲ. 'ದ ವಿಂಡ್ ಪಿಕ್ಟ್ ಅಪ್' ಎಂದರೆ ಗಾಳಿ ಬಿರುಸಾಯಿತು, ಅಷ್ಟೇ.

ಕರ್ಮಪದ ಇದ್ದರೆ: 'ಕೊಳ್ಳು' ಎಂಬ ಕೀಲಿ

ಇಲ್ಲಿ ಕನ್ನಡ ಬಲ್ಲವರಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಬಳಸದೆ ಬಿಡುವುದು ನಷ್ಟ. ನಮ್ಮ ಕ್ರಿಯಾಪದಕ್ಕೆ 'ಕೊಳ್ಳು' ಸೇರಿದಾಗ ಕೆಲಸದ ಫಲ ಮಾಡಿದವನ ಕಡೆಗೇ ಬರುತ್ತದೆ: ಎತ್ತಿಕೊಂಡ, ಕಲಿತುಕೊಂಡ, ಕೊಂಡುಕೊಂಡ, ಅಂಟಿಸಿಕೊಂಡ, ಹತ್ತಿಸಿಕೊಂಡ. ಸಕರ್ಮಕ 'ಪಿಕ್ ಅಪ್'ನ ಬಹುಪಾಲು ಅರ್ಥಗಳ ತಿರುಳು ಇದೇ. ಹೊರಗೆಲ್ಲೋ ಇದ್ದದ್ದು ಕರ್ತೃವಿನ ಕೈಗೆ, ಗಾಡಿಗೆ, ಮೈಗೆ ಅಥವಾ ತಲೆಗೆ ಬಂದು ಸೇರುತ್ತದೆ. ಆದ್ದರಿಂದ ಎರಡನೆಯ ಹೆಜ್ಜೆ ಹೀಗೆ: ಕರ್ಮಪದ ಎಂಥ ವಸ್ತು ಎಂದು ನೋಡಿ, ಅದಕ್ಕೆ ಕನ್ನಡದಲ್ಲಿ ಯಾವ 'ಕೊಳ್ಳು' ಒಗ್ಗುತ್ತದೆ ಎಂದು ಕೇಳಿಕೊಳ್ಳಿ. ಹೆಚ್ಚಿನ ಸಲ ಸರಿಯಾದ ಅರ್ಥ ಅಲ್ಲೇ ಸಿಗುತ್ತದೆ.

ಕರ್ಮ ಕೈಗೆ ಸಿಗುವ ವಸ್ತುವಾದರೆ 'ಎತ್ತಿಕೊಳ್ಳು': 'ಪಿಕ್ ಅಪ್ ದ ಪೆನ್'. ಇಲ್ಲಿ 'ಅಪ್' ಬಿಟ್ಟರೆ ಏನಾಗುತ್ತದೆ ನೋಡಿ. 'ಪಿಕ್ ದ ಫ್ಲವರ್ಸ್' ಎಂದರೆ ಗಿಡದಿಂದ ಹೂ ಬಿಡಿಸು. 'ಪಿಕ್ ಅಪ್ ದ ಫ್ಲವರ್ಸ್' ಎಂದರೆ ಬಿದ್ದ ಹೂಗಳನ್ನು ಆಯ್ದುಕೋ, ಇಲ್ಲವೇ ಅಂಗಡಿಯಲ್ಲಿ ಹೇಳಿಟ್ಟ ಹೂಗಳನ್ನು ತೆಗೆದುಕೊಂಡು ಬಾ. 'ಪಿಕ್' ಒಂಟಿಯಾಗಿ ನಿಂತಾಗ ಅದರ ಮುಖ್ಯ ಅರ್ಥ ಆರಿಸುವುದು ಅಥವಾ ಕೀಳುವುದು. ಹೀಗಾಗಿ 'ಪಿಕ್ ಮಿ ಅಟ್ ಸಿಕ್ಸ್' ಎಂದು ಸಂದೇಶ ಕಳಿಸಿದರೆ, ಆರು ಗಂಟೆಗೆ ನನ್ನನ್ನು ಆಯ್ಕೆ ಮಾಡಿ ಎಂದು ಕೇಳಿದಂತಾಗುತ್ತದೆ.

ಕರ್ಮ ವ್ಯಕ್ತಿಯಾದರೆ ಮೊದಲ ಅರ್ಥ ಗಾಡಿಯಲ್ಲಿ ಹತ್ತಿಸಿಕೊಳ್ಳುವುದು, ಬಂದು ಕರೆದುಕೊಂಡು ಹೋಗುವುದು: 'ಐ ವಿಲ್ ಪಿಕ್ ಯು ಅಪ್ ಅಟ್ ಸಿಕ್ಸ್'. ಬಸ್ಸು ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದಕ್ಕೂ ದೋಣಿ ಮುಳುಗುತ್ತಿದ್ದವರನ್ನು ಎತ್ತಿಕೊಳ್ಳುವುದಕ್ಕೂ ಇದೇ ಪದ. ಇಳಿಸುವುದಕ್ಕೆ 'ಡ್ರಾಪ್ ಆಫ್', ಬರೀ 'ಡ್ರಾಪ್' ಎಂದರೂ ನಡೆಯುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗಿ ಯಾರನ್ನಾದರೂ ಕರೆತರುವುದಕ್ಕೆ ನಾವು 'ರಿಸೀವ್' ಬಳಸುತ್ತೇವೆ. ಬೇರೆ ದೇಶಗಳ ಇಂಗ್ಲಿಷಿನಲ್ಲಿ ಅದು ಅತಿಥಿಗಳನ್ನು ವಿಧಿವತ್ತಾಗಿ ಬರಮಾಡಿಕೊಳ್ಳುವ ಮಾತು. ಮನೆಯವರನ್ನೂ ಗೆಳೆಯರನ್ನೂ ಕರೆತರುವಾಗ 'ಪಿಕ್ ಅಪ್' ಅಥವಾ 'ಮೀಟ್' ಸಹಜ.

ಇದೇ ಜಾಗದಲ್ಲಿ ಎಚ್ಚರ ತಪ್ಪಬಾರದ ಇನ್ನೊಂದು ಅರ್ಥವಿದೆ. 'ಹಿ ಪಿಕ್ಟ್ ಅಪ್ ಎ ಗರ್ಲ್ ಅಟ್ ಎ ಬಾರ್' ಎಂದರೆ ಪರಿಚಯವಿಲ್ಲದವಳನ್ನು ಮಾತಾಡಿಸಿ, ಲೈಂಗಿಕ ಉದ್ದೇಶದಿಂದ ಜೊತೆಗೆ ಕರೆದೊಯ್ದ ಎಂದು ಅರ್ಥ. ಆ ಉದ್ದೇಶದ ಮಾತುಗಳಿಗೆ 'ಪಿಕಪ್ ಲೈನ್' ಎಂಬ ಹೆಸರೂ ಇದೆ. ಯಾರದೋ ಮಗಳನ್ನು ನಿಲ್ದಾಣದಿಂದ ಮನೆ ತಲುಪಿಸಿದವರು 'ಐ ಪಿಕ್ಟ್ ಅಪ್ ಎ ಗರ್ಲ್' ಎಂದಷ್ಟೇ ಹೇಳಿದರೆ ಕೇಳುವವರು ಬೆಚ್ಚುತ್ತಾರೆ. ತಪ್ಪಿಸುವ ದಾರಿ ಸುಲಭ. ಯಾರು ಎಂಬುದನ್ನೂ ಎಲ್ಲಿಂದ ಎಂಬುದನ್ನೂ ಹೇಳಿ: 'ಐ ಪಿಕ್ಟ್ ಅಪ್ ಮೈ ನೀಸ್ ಫ್ರಮ್ ದ ಸ್ಟೇಷನ್'. ಅಪರಿಚಿತರಾದರೆ 'ಐ ಗೇವ್ ಹರ್ ಎ ಲಿಫ್ಟ್' ಎನ್ನಿ. 'ಎ' ಬಂದು, ಸಂಬಂಧವೂ ಸ್ಥಳವೂ ಸ್ಪಷ್ಟವಿಲ್ಲದಾಗಲೇ ಅಪಾರ್ಥ ಹುಟ್ಟುವುದು.

ಕರ್ತೃ ಪೊಲೀಸರಾದರೆ ಅರ್ಥ ಮತ್ತೆ ಬದಲಾಗುತ್ತದೆ: 'ದ ಪೊಲೀಸ್ ಪಿಕ್ಟ್ ಹಿಮ್ ಅಪ್ ಫಾರ್ ಕ್ವೆಶ್ಚನಿಂಗ್'. ನಾವು ಆಡುಮಾತಿನಲ್ಲಿ 'ಎತ್ತಿಕೊಂಡು ಹೋದರು' ಅನ್ನುವುದಕ್ಕೆ ಇದು ತಕ್ಕ ಜೋಡಿ. ವಶಕ್ಕೆ ಪಡೆದರು ಎಂದಷ್ಟೇ ಇದರಿಂದ ತಿಳಿಯುತ್ತದೆ, ವಿಧಿವತ್ತಾಗಿ ಬಂಧಿಸಿದರೋ ಇಲ್ಲವೋ ತಿಳಿಯುವುದಿಲ್ಲ. ಸುದ್ದಿ ಅನುವಾದಿಸುವವರು ಇದನ್ನು 'ಬಂಧಿಸಿದರು' ಎಂದು ಬರೆದುಬಿಟ್ಟರೆ ಇಲ್ಲದ ಸಂಗತಿಯೊಂದು ಸೇರಿದಂತೆ.

ಕರ್ಮ ಭಾಷೆ, ಕೌಶಲ, ಚಟ, ಉಚ್ಚಾರಣೆಯ ಧಾಟಿ ಮುಂತಾದದ್ದಾದರೆ 'ಕಲಿತುಕೊಳ್ಳು'. ಆದರೆ ಯಾವ ಕಲಿಕೆಯೂ ಅಲ್ಲ. ಪಾಠವಿಲ್ಲದೆ, ಇದ್ದಲ್ಲೇ ಕೇಳುತ್ತ ನೋಡುತ್ತ ಬಂದ ಕಲಿಕೆ ಮಾತ್ರ: 'ಶಿ ಪಿಕ್ಟ್ ಅಪ್ ಸ್ಪ್ಯಾನಿಶ್ ವೈಲ್ ವರ್ಕಿಂಗ್ ದೇರ್'. ತರಗತಿಯಲ್ಲಿ ಕೂತು ಪುಸ್ತಕ ಓದಿ ಪರೀಕ್ಷೆ ಬರೆದು ಕಲಿತದ್ದಕ್ಕೆ 'ಲರ್ನ್' ಅಥವಾ 'ಸ್ಟಡಿ' ಬಳಸಿ. ಉದ್ಯೋಗದ ಅರ್ಜಿಯಲ್ಲಿ 'ಐ ಪಿಕ್ಟ್ ಅಪ್ ಅಕೌಂಟಿಂಗ್' ಎಂದು ಬರೆದರೆ ಓದುವವರಿಗೆ ಅಲ್ಲಿ ಇಲ್ಲಿ ನೋಡಿ ಕಲಿತದ್ದು ಎಂಬ ಭಾವನೆ ಬರುತ್ತದೆ, ಮೂರು ವರ್ಷದ ಪದವಿ ಮಸುಕಾಗುತ್ತದೆ. ಕೆಟ್ಟ ಚಟಗಳಿಗೆ ಈ ಪದ ಚೆನ್ನಾಗಿ ಹೊಂದುತ್ತದೆ, ಯಾರೂ ಅವನ್ನು ಪಾಠ ಹೇಳಿಸಿಕೊಂಡು ಕಲಿಯುವುದಿಲ್ಲವಲ್ಲ: 'ಚಿಲ್ಡ್ರನ್ ಪಿಕ್ ಅಪ್ ಬ್ಯಾಡ್ ಹ್ಯಾಬಿಟ್ಸ್ ಕ್ವಿಕ್ಲಿ'.

ಕಾಯಿಲೆಗೂ ಇದೇ ತರ್ಕ: 'ಐ ಪಿಕ್ಟ್ ಅಪ್ ಎ ಕೋಲ್ಡ್ ಆನ್ ದ ಫ್ಲೈಟ್', ಶೀತ ಅಂಟಿಸಿಕೊಂಡೆ. ಹೊರಗಿನಿಂದ ಅಂಟುವ ರೋಗಕ್ಕೆ ಮಾತ್ರ ಇದು ಸಲ್ಲುತ್ತದೆ. ನೆಗಡಿ, ಹೊಟ್ಟೆಯ ಸೋಂಕು, ವೈರಸ್ ಸರಿ. ಮಧುಮೇಹ, ರಕ್ತದೊತ್ತಡ ಅಂಟಿಕೊಳ್ಳುವಂಥವಲ್ಲ, ಅವಕ್ಕೆ 'ಡೆವಲಪ್' ಬಳಸುತ್ತಾರೆ. ಆಟಗಾರರ ಗಾಯ ಇದಕ್ಕೊಂದು ಅಪವಾದ. ಗಾಯ ಅಂಟುವುದಿಲ್ಲ, ಆದರೂ ಕ್ರೀಡಾ ವರದಿಗಳಲ್ಲಿ 'ಹಿ ಪಿಕ್ಟ್ ಅಪ್ ಎನ್ ಇಂಜುರಿ' ಮಾಮೂಲು. ಆಟದ ನಡುವೆ ಜೊತೆಗೆ ಬಂದದ್ದು ಎಂಬ ಭಾವ. ವಿಕೆಟ್, ಅಂಕ, ಪ್ರಶಸ್ತಿಗಳಿಗೂ ಅದೇ ಭಾವ ಒದಗುತ್ತದೆ, ಗಳಿಸಿಕೊಂಡರು ಎಂದು.

ಕ್ರಿಕೆಟ್ಟಿನ ಮಾತು ಬಂದದ್ದರಿಂದ ಒಂದು ಮಾತು ಸೇರಿಸಬೇಕು. 'ಹಿ ಡಿಡ್ ನಾಟ್ ಪಿಕ್ ದ ಗೂಗ್ಲಿ' ಎಂಬಲ್ಲಿ 'ಅಪ್' ಬರುವುದಿಲ್ಲ, ಅದು ತಪ್ಪೂ ಅಲ್ಲ. ಯಾವ ಎಸೆತ ಎಂದು ಬೇರ್ಪಡಿಸಿ ಗುರುತಿಸಲಿಲ್ಲ ಎಂಬ ಅರ್ಥ. ಇಲ್ಲಿ 'ಪಿಕ್' ತನ್ನ ಆರಿಸುವ ಅರ್ಥದಲ್ಲೇ ಇದೆ. ಚೆಂಡು ಎಲ್ಲಿ ಪುಟಿಯುತ್ತದೆ ಎಂದು ಬೇಗ ಕಂಡುಕೊಳ್ಳುವುದಕ್ಕೆ ಮಾತ್ರ 'ಪಿಕ್ಟ್ ಅಪ್ ದ ಲೆಂತ್ ಅರ್ಲಿ' ಎನ್ನುತ್ತಾರೆ.

ಕೊಳ್ಳುವ ಅರ್ಥದಲ್ಲಿ 'ಪಿಕ್ ಅಪ್' ಸಣ್ಣದಕ್ಕೆ, ದಾರಿಯಲ್ಲಿ ನಿಂತು ತೆಗೆದುಕೊಳ್ಳುವುದಕ್ಕೆ: 'ಪಿಕ್ ಅಪ್ ಸಮ್ ಮಿಲ್ಕ್ ಆನ್ ದ ವೇ'. ಅಗ್ಗಕ್ಕೆ ಸಿಕ್ಕಿತು ಎನ್ನಲೂ ಬರುತ್ತದೆ. ತಿಂಗಳುಗಟ್ಟಲೆ ಯೋಚಿಸಿ ಸಾಲ ಮಾಡಿ ಕೊಂಡ ಮನೆಗೆ ಇದು ಹಗುರವಾಗುತ್ತದೆ.

ಕರ್ತೃ ಯಂತ್ರವಾದಾಗ

ಮೈಕ್, ರೇಡಾರ್, ಕ್ಯಾಮೆರಾ, ಸ್ಕ್ಯಾನ್, ರೇಡಿಯೊ ಇವು ಕರ್ತೃಸ್ಥಾನದಲ್ಲಿದ್ದರೆ 'ಕೊಳ್ಳು' ಬಿಟ್ಟು 'ಹಿಡಿ' ಇಟ್ಟು ನೋಡಿ. 'ಮೈ ಫೋನ್ ಈಸ್ ನಾಟ್ ಪಿಕಿಂಗ್ ಅಪ್ ಎ ಸಿಗ್ನಲ್', ನನ್ನ ಫೋನಿಗೆ ಸಿಗ್ನಲ್ ಹಿಡಿಯುತ್ತಿಲ್ಲ. 'ದ ಮೈಕ್ ಪಿಕ್ಟ್ ಅಪ್ ಎವ್ರಿ ಕಾಫ್', ಒಂದೊಂದು ಕೆಮ್ಮನ್ನೂ ಮೈಕ್ ಹಿಡಿದುಬಿಟ್ಟಿತು. ವಾಸನೆ ಹಿಡಿಯುವ ನಾಯಿಗೂ ಇದೇ ಮಾತು. ಇಲ್ಲೆಲ್ಲ ಹಿಡಿದದ್ದು ಸಾಮಾನ್ಯವಾಗಿ ಮಂದವಾದದ್ದು, ಸುಲಭವಾಗಿ ತಪ್ಪಿಹೋಗಬಹುದಾದದ್ದು. ಕಣ್ಣಿಗೆ ರಾಚುವಂಥದ್ದಕ್ಕೆ 'ಪಿಕ್ ಅಪ್' ಹೇಳುವುದಿಲ್ಲ.

ಮನುಷ್ಯರ ವಿಷಯದಲ್ಲಿ ಈ ಸೂಕ್ಷ್ಮಗ್ರಹಿಕೆ ಬಂದರೆ ಹೆಚ್ಚಾಗಿ 'ಆನ್' ಕೂಡಿಕೊಳ್ಳುತ್ತದೆ: 'ಶಿ ಪಿಕ್ಟ್ ಅಪ್ ಆನ್ ಹಿಸ್ ಫಿಯರ್', ಬಾಯಿಬಿಟ್ಟು ಹೇಳದಿದ್ದರೂ ಅವನ ಭಯ ಅವಳಿಗೆ ಗೊತ್ತಾಯಿತು. ಪದಗಳ ಕ್ರಮ ಒಂದಿಷ್ಟು ಬದಲಾದರೆ ಬೇರೆಯೇ ಅರ್ಥ. 'ಹಿ ಪಿಕ್ಟ್ ಮಿ ಅಪ್ ಆನ್ ಮೈ ಸ್ಪೆಲಿಂಗ್' ಎಂದರೆ ನನ್ನ ಕಾಗುಣಿತದ ತಪ್ಪನ್ನು ಎತ್ತಿ ತೋರಿಸಿದ. ಇದು ಬ್ರಿಟಿಷ್ ಇಂಗ್ಲಿಷಿನಲ್ಲಿ ಹೆಚ್ಚು. 'ಅಪ್'ಗೆ ಮುಂಚೆ ವ್ಯಕ್ತಿ ಇದ್ದು, 'ಆನ್' ಆದಮೇಲೆ ತಪ್ಪು ಇದ್ದರೆ ಅದು ತಿದ್ದುವ ಮಾತು. ನಡುವೆ ಯಾರೂ ಇಲ್ಲದಿದ್ದರೆ ಗ್ರಹಿಸುವ ಮಾತು. 'ಅಪ್' ಇಲ್ಲದ 'ಪಿಕ್ ಆನ್' ಇವೆರಡಕ್ಕೂ ಸೇರದು, ಒಬ್ಬರನ್ನೇ ಗುರಿ ಮಾಡಿ ಪೀಡಿಸುವುದು ಅದರ ಅರ್ಥ.

ಫೋನಿನ ಮಾತು

ನಮ್ಮವರ ಇಂಗ್ಲಿಷಿನಲ್ಲಿ 'ಪಿಕ್ ಅಪ್' ಅತಿ ಹೆಚ್ಚು ಎಡವುವುದು ಇಲ್ಲಿ. 'ವೈ ಡಿಡ್ ಯು ನಾಟ್ ಪಿಕ್ ಮೈ ಕಾಲ್?' ಎಂಬಲ್ಲಿ 'ಅಪ್' ಕಾಣೆಯಾಗಿದೆ. 'ಲಿಫ್ಟ್ ದ ಫೋನ್' ಎನ್ನುವುದು 'ಎತ್ತು' ಎಂಬುದರ ನೇರ ಅನುವಾದ, ಹೊರಗಿನವರಿಗೆ ಅದು ಭಾರವಾದ ವಸ್ತುವನ್ನು ಮೇಲೆತ್ತುವ ಮಾತಾಗಿ ಕೇಳುತ್ತದೆ. 'ವೈ ಡಿಡ್ ಯು ನಾಟ್ ಪಿಕ್ ಅಪ್?' ಎನ್ನಿ, ಇಲ್ಲವೇ 'ಆನ್ಸರ್ ಮೈ ಕಾಲ್' ಎನ್ನಿ.

'ಪಿಕ್ ಅಪ್ ದ ಫೋನ್' ಎಂಬುದಕ್ಕೆ ಎದುರುಬದುರಿನ ಎರಡು ಉಪಯೋಗಗಳಿವೆ. ಗಂಟೆ ಬಾರಿಸುತ್ತಿರುವಾಗ ಅದು ಉತ್ತರಿಸುವ ಮಾತು. 'ಇಫ್ ಯು ನೀಡ್ ಹೆಲ್ಪ್, ಜಸ್ಟ್ ಪಿಕ್ ಅಪ್ ದ ಫೋನ್' ಎಂಬಲ್ಲಿ ಗಂಟೆ ಬಾರಿಸುತ್ತಿಲ್ಲ. ನೀವೇ ಕರೆ ಮಾಡಿ ಎಂದು ಹೇಳುತ್ತಿದ್ದಾರೆ. ಇದನ್ನು ತಪ್ಪಾಗಿ ತಿಳಿದು ಆ ಕಡೆಯ ಕರೆಗೆ ಕಾಯುತ್ತ ಕೂರಬೇಡಿ.

ಎಲ್ಲಿ ಒಡೆಯಬಹುದು, ಎಲ್ಲಿ ಒಡೆಯಬಾರದು

ಕರ್ಮ ನಾಮಪದವಾದರೆ ಎರಡೂ ಜಾಗ ಸರಿ: 'ಪಿಕ್ ಅಪ್ ದ ಬಾಕ್ಸ್', 'ಪಿಕ್ ದ ಬಾಕ್ಸ್ ಅಪ್'. ಸರ್ವನಾಮವಾದರೆ ನಡುವೆಯೇ ಬರಬೇಕು: 'ಪಿಕ್ ಇಟ್ ಅಪ್', 'ಪಿಕ್ ದೆಮ್ ಅಪ್'. 'ಪಿಕ್ ಅಪ್ ಇಟ್' ಯಾವ ಅರ್ಥದಲ್ಲೂ ಸರಿಯಲ್ಲ. ಕರ್ಮ ಉದ್ದವಾಗಿದ್ದರೆ ಕೊನೆಗೆ ತಳ್ಳಿ, ಇಲ್ಲದಿದ್ದರೆ ಕೇಳುವವರು 'ಅಪ್' ಬರುವವರೆಗೂ ಅರ್ಥಕ್ಕಾಗಿ ಕಾಯಬೇಕಾಗುತ್ತದೆ. ಹಿಂದಿನ ಭಾಗದಲ್ಲಿ ನೋಡಿದ ಗ್ರಹಿಸುವ ಅರ್ಥದ 'ಪಿಕ್ ಅಪ್ ಆನ್' ಒಡೆಯುವುದಿಲ್ಲ. ಅಲ್ಲಿ ಸರ್ವನಾಮ 'ಆನ್' ಆದಮೇಲೆ: 'ಶಿ ಪಿಕ್ಟ್ ಅಪ್ ಆನ್ ಇಟ್'. 'ಪಿಕ್ ಅಪ್ ಆಫ್ಟರ್' ಕೂಡ ಹಾಗೆಯೇ, ಯಾರೋ ಚೆಲ್ಲಾಡಿದ್ದನ್ನು ಹಿಂದೆಯೇ ಹೋಗಿ ಎತ್ತಿಡುವುದು ಅದರ ಅರ್ಥ: 'ಐ ಆಮ್ ಟಯರ್ಡ್ ಆಫ್ ಪಿಕಿಂಗ್ ಅಪ್ ಆಫ್ಟರ್ ಹಿಮ್'.

ಕೆಲವು ಜೋಡಿಗಳು ಅಚ್ಚಿಗೆ ಹಾಕಿದಂತೆ ನಿಂತುಬಿಟ್ಟಿವೆ. 'ಪಿಕ್ ಅಪ್ ಸ್ಪೀಡ್' ಎಂದರೆ ವೇಗ ಹೆಚ್ಚಿಸಿಕೊಳ್ಳುವುದು, 'ಪಿಕ್ ಸ್ಪೀಡ್ ಅಪ್' ಎಂದು ಒಡೆದರೆ ಕಿವಿಗೆ ಒಗ್ಗುವುದಿಲ್ಲ. 'ಪಿಕ್ ಅಪ್ ದ ಬಿಲ್' ಅಥವಾ 'ಪಿಕ್ ಅಪ್ ದ ಟ್ಯಾಬ್' ಎಂದರೆ ಎಲ್ಲರ ಖರ್ಚು ತಾನೇ ಭರಿಸುವುದು. 'ಪಿಕ್ ಅಪ್ ದ ಸ್ಲ್ಯಾಕ್' ಎಂದರೆ ಇನ್ನೊಬ್ಬರು ಮಾಡದೆ ಬಿಟ್ಟ ಕೆಲಸವನ್ನೂ ಹೊರುವುದು. 'ಪಿಕ್ ಅಪ್ ದ ಪೀಸಸ್' ದೊಡ್ಡ ಪೆಟ್ಟು ಬಿದ್ದಮೇಲೆ ಬದುಕನ್ನು ಮತ್ತೆ ಜೋಡಿಸಿಕೊಳ್ಳುವುದು. 'ಪಿಕ್ ಯುವರ್‌ಸೆಲ್ಫ್ ಅಪ್' ಬಿದ್ದವರು ತಾವೇ ಎದ್ದು ನಿಲ್ಲುವುದು, ಮೈಯಿಂದಲೂ ಸರಿ, ಮನಸ್ಸಿನಿಂದಲೂ ಸರಿ.

ಅಭ್ಯಾಸಕ್ಕೆ ಹೀಗೆ ಮಾಡಿ. ಸುದ್ದಿಯಲ್ಲೋ ಧಾರಾವಾಹಿಯಲ್ಲೋ 'ಪಿಕ್ ಅಪ್' ಸಿಕ್ಕಾಗ ಅರ್ಥ ಬರೆದಿಡಬೇಡಿ, ಕರ್ತೃವನ್ನೂ ಕರ್ಮವನ್ನೂ 'ಅಪ್' ಆದಮೇಲಿನ ಪದವನ್ನೂ ಬರೆದಿಡಿ. ಅದರ ಪಕ್ಕದಲ್ಲಿ ಕನ್ನಡದ ಒಂದೇ ಕ್ರಿಯಾಪದ ಸಾಕು: 'ಸ್ಕ್ಯಾನ್, ಗಡ್ಡೆ: ಹಿಡಿಯಿತು'. 'ಮಗು, ಭಾಷೆ: ಕಲಿತುಕೊಂಡಿತು'. ಆಮೇಲೆ ಅದೇ ಕರ್ತೃ ಇಟ್ಟುಕೊಂಡು ಕರ್ಮ ಬದಲಿಸಿ ಸ್ವಂತ ವಾಕ್ಯ ಮಾಡಿ. ಮಗು ಆಟಿಕೆ ಎತ್ತಿಕೊಂಡಿತು, ಜ್ವರ ಅಂಟಿಸಿಕೊಂಡಿತು, ಬೈಗುಳ ಕಲಿತುಕೊಂಡಿತು. ಮೂರಕ್ಕೂ ಕ್ರಿಯಾಪದ ಒಂದೇ ಎಂಬುದು ಆಗ ಬಾಯಿಗೂ ರೂಢಿಯಾಗುತ್ತದೆ.

ಉಚ್ಚಾರಣೆ ಮತ್ತು ನಾಮಪದ

ಭೂತಕಾಲದ ರೂಪ 'ಪಿಕ್ಕೆಡ್' ಅಲ್ಲ. ಕೊನೆಗೆ 'ಟ್' ಧ್ವನಿ ಬರುತ್ತದೆ, ಅದು ಮುಂದಿನ ಸ್ವರಕ್ಕೆ ಅಂಟಿಕೊಂಡು 'ಪಿಕ್-ಟಪ್' ಎಂದು ಕೇಳುತ್ತದೆ. 'ಪಿಕ್ ಇಟ್ ಅಪ್' ಕೂಡಿ 'ಪಿಕಿಟಪ್' ಆಗುತ್ತದೆ, ಅಮೆರಿಕನ್ನರ ಬಾಯಲ್ಲಿ ಆ 'ಟ' ಸಡಿಲವಾಗಿ 'ಡ'ಕ್ಕೆ ಹತ್ತಿರ ಬರುತ್ತದೆ. ಕನ್ನಡದ ಅಭ್ಯಾಸದಂತೆ ಕೊನೆಗೆ 'ಉ' ಸೇರಿಸಿ 'ಪಿಕ್ಕು ಅಪ್ಪು' ಎಂದರೆ ಈ ಜೋಡಣೆ ಮುರಿಯುತ್ತದೆ. ಕ್ರಿಯಾಪದವಾಗಿದ್ದಾಗ, ಅದರಲ್ಲೂ ನಡುವೆ ಸರ್ವನಾಮ ಬಂದಾಗ, ಒತ್ತು 'ಅಪ್' ಮೇಲೆ. ನಾಮಪದವಾದಾಗ ಒತ್ತು 'ಪಿಕ್' ಮೇಲೆ, ಬರೆಯುವಾಗ ಒಂದೇ ಪದ ಅಥವಾ ನಡುವೆ ಅಡ್ಡಗೆರೆ.

ನಾಮಪದವಾದ 'ಪಿಕಪ್' ಹಿಂಬದಿ ತೆರೆದ ಸಣ್ಣ ಸರಕಿನ ಗಾಡಿಯೂ ಹೌದು, ಗಾಡಿ ಬೇಗ ವೇಗ ಪಡೆಯುವ ಗುಣವೂ ಹೌದು. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳ ಕೆಳಗಿರುವ ಪಿಕಪ್ ಸಾಮಾನ್ಯವಾಗಿ ಆಯಸ್ಕಾಂತ ಮತ್ತು ತಾಮ್ರದ ಸುರುಳಿಯಿಂದಾದದ್ದು. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಯಂತ್ರಗಳ 'ಹಿಡಿಯುವ' ಅರ್ಥವೇ ಇಲ್ಲಿ ನಾಮಪದವಾಗಿದೆ. 'ಪಿಕ್-ಮಿ-ಅಪ್' ಎಂದು ಎರಡು ಅಡ್ಡಗೆರೆ ಹಾಕಿ ಬರೆದರೆ ದಣಿದವರಿಗೆ ಚೈತನ್ಯ ಕೊಡುವ ಪಾನೀಯ ಅಥವಾ ತಿನಿಸು. ಬಹುವಚನಕ್ಕೆ ಕೊನೆಯಲ್ಲಿ 'ಸ್' ಸೇರಿಸಿದರೆ ಆಯಿತು, 'ಪಿಕ್-ಮಿ-ಅಪ್ಸ್'.